ಹಾರಕ್ಕಾಗಿ ಬಿಚ್ಚಿದ ಜಾಲರಿ

ಸುದ್ದಿ ಬಂದಾಗ ಚಿಕ್ಕಹನುಮಯ್ಯ ಆಳುದ್ದದ ಗುಂಡಿಯೊಳಗೆ ನಿಂತಿದ್ದ. ಬಸವೇಶ್ವರನಗರದ ಹೊಸ ಬಡಾವಣೆಗೆ ಚರಂಡಿ ಪೈಪು ಹೂಳುವ ಕೆಲಸ. ತಲೆಯ ಮೇಲೆ ಬಿಸಿಲು, ಕೆಳಗೆ ಮೊಣಕಾಲವರೆಗೆ ಕೆಸರು. ಅರವತ್ತು ದಾಟಿದ ಮೈ. ಹಾರೆ ಎತ್ತಿದಾಗಲೆಲ್ಲ ಬೆನ್ನು ಹಿಡಿದುಕೊಳ್ಳುತ್ತಿತ್ತು. ಬಾಯಲ್ಲಿ ಮುನೇಶ್ವರನ ಹೆಸರು ಹೇಳಿ ಮುಂದಿನ ಏಟು ಹಾಕುತ್ತಿದ್ದ.

ಗುಂಡಿಯ ಅಂಚಿಗೆ ಒಂದು ಸೈಕಲ್ಲು ಬಂದು ನಿಂತಿತು. ಬಂದವನು ಚನ್ನಕೇಶವ. ಮಗ ಮುನಿಯಪ್ಪ ಕೆಲಸ ಮಾಡುತ್ತಿದ್ದ ರಾಜಾಜಿನಗರದ ಶೆಡ್ಡಿನ ಫಿಟ್ಟರು.

"ಯಜಮಾನ್ರೇ, ಮೇಲೆ ಬನ್ನಿ."

"ಯಾಕಪ್ಪ, ಏನಾಯ್ತು?"

"ಮುನಿಯನ ಕೈಗೆ ಸ್ವಲ್ಪ ಪೆಟ್ಟಾಗಿದೆ. ಆಸ್ಪತ್ರೆಗೆ ಹೋಗೋಣ, ಬನ್ನಿ."

"ಸ್ವಲ್ಪ ಅಂದ್ರೆ ಎಷ್ಟಪ್ಪಾ?"

ಚನ್ನಕೇಶವ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದ. ಮುದುಕನನ್ನು ಮೇಲೆತ್ತಲು ಕೈ ಚಾಚಿದ. ಅವನ ಅಂಗಿಯ ತೋಳು ಮೊಣಕೈವರೆಗೆ ನೆನೆದು, ಒಣಗಿ, ಕಪ್ಪಗೆ ಸೆಟೆದಿತ್ತು. ಚಿಕ್ಕಹನುಮಯ್ಯ ಮತ್ತೇನೂ ಕೇಳದೆ ಆ ಕೈ ಹಿಡಿದು ಹತ್ತಿದ. ಕಾಲಿನ ಕೆಸರನ್ನೂ ತೊಳೆಯದೆ ಕ್ಯಾರಿಯರ್ ಮೇಲೆ ಕೂತ.

ಆಸ್ಪತ್ರೆಯಲ್ಲಿ ಮಗನನ್ನು ವೆರಾಂಡದ ಮೂಲೆಯಲ್ಲಿ ಮಲಗಿಸಿ ಬಟ್ಟೆ ಮುಚ್ಚಿದ್ದರು. ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇರಲಿಲ್ಲ. ಎಡಗೈ ಇತ್ತು, ಕೈಯ ಆಕಾರ ಇರಲಿಲ್ಲ. ಮುಖ ಮಾತ್ರ ಹಾಗೇ ಇತ್ತು. ನಿದ್ದೆಯಲ್ಲಿ ಯಾರೋ ಕರೆದರೆ ಹುಬ್ಬು ಗಂಟಿಕ್ಕುವಂತೆ ಗಂಟಿಕ್ಕಿಕೊಂಡಿತ್ತು. ಕೈ ಹೋದದ್ದಕ್ಕೆ ಸತ್ತದ್ದಲ್ಲ, ರಕ್ತ ಹೋಗಿ ಸತ್ತದ್ದು ಎಂದು ಡಾಕ್ಟರು ಹೇಳಿದರು. ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಾಗಿತ್ತು ಎಂದರು.

ಆ ಅರ್ಧ ಗಂಟೆ ಎಲ್ಲಿ ಹೋಯಿತೆಂದು ಚಿಕ್ಕಹನುಮಯ್ಯನಿಗೆ ಆಮೇಲೆ ತಿಳಿಯಿತು. ಶೆಡ್ಡಿನ ಅಂಗಳದಲ್ಲಿ ಮಾಲೀಕರ ಕಾರು ನಿಂತಿತ್ತು. ಸೀಟಿಗೆ ಹೊಸ ಬಟ್ಟೆ ಹೊದಿಸಿದ್ದರು. ಆಟೋ ತರಲು ಆಳು ಓಡಿದ. ಎರಡು ಆಟೋದವರು ರಕ್ತ ನೋಡಿ ಹೊರಟುಹೋದರು. ಅಷ್ಟು ಹೊತ್ತೂ ಮುನಿಯಪ್ಪ ಗೋಣಿಚೀಲದ ಮೇಲೆ ಮಲಗಿದ್ದ, ಕಾರಿನ ನೆರಳಲ್ಲಿ.

ಪೊಲೀಸಿನವನು ಕಾಗದ ಹಿಡಿದು ಬಂದ. ಹೆಸರು ಕೇಳಿದ, ಊರು ಕೇಳಿದ. ಲಗ್ಗೆರೆ ಎಂದ ಚಿಕ್ಕಹನುಮಯ್ಯ. ಲಗ್ಗೆರೆಯಲ್ಲಿ ಎಲ್ಲಿ ಎಂದ. ಊರ ಹೊರಗಿನ ಕಾಲೋನಿ ಎಂದ. ಪೊಲೀಸಿನವನು ಒಂದು ಹೆಜ್ಜೆ ಹಿಂದೆ ಸರಿದು ನಿಂತು ಮುಂದಿನದನ್ನು ಕೇಳಿದ.

"ಯಾರ ಮೇಲಾದ್ರೂ ದೂರಿದೆಯೇನಯ್ಯ?"

ಚಿಕ್ಕಹನುಮಯ್ಯ ಮಗನ ಪಾದ ಹಿಡಿದುಕೊಂಡೇ ಇದ್ದ. ಪಾದ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

"ಯಾರ ತಪ್ಪೂ ಅಲ್ಲ ಸ್ವಾಮಿ. ಅವನ ಋಣ ಅಷ್ಟೇ ಇತ್ತು. ಮುನೇಶ್ವರ ಕೊಟ್ಟಿದ್ದ, ಅವನೇ ಕರ್ಕಂಡ."

ಅದು ಅವರ ಕೇರಿಯಲ್ಲಿ ಸಾವಿನ ಮನೆಯ ಮಾತು. ಅಪ್ಪ ಸತ್ತಾಗ ಅವನು ಆ ಮಾತು ಆಡಿದ್ದ. ಹೆಂಡತಿ ಸತ್ತಾಗಲೂ ಆಡಿದ್ದ. ಆ ಮಾತು ಆಡುವವನು ತಪ್ಪು ಯಾರದೆಂದು ತೂಗಿ ನೋಡಿ ಆಡುವುದಿಲ್ಲ. ನೆಲಕ್ಕೆ ಬೀಳದಿರಲು ಕೈಗೆ ಸಿಕ್ಕ ಗೋಡೆ ಹಿಡಿದುಕೊಂಡ ಹಾಗೆ ಅದನ್ನು ಹಿಡಿದುಕೊಳ್ಳುತ್ತಾನೆ. ಪೊಲೀಸಿನವನು ಬರೆದುಕೊಂಡ. ಪಕ್ಕದಲ್ಲಿ ಮಾಲೀಕ ವೆಂಕಟಗಿರಿ, ಹಣೆಗೆ ಕುಂಕುಮ, ಕೈ ಮುಗಿದುಕೊಂಡೇ ನಿಂತಿದ್ದರು. ಅವರ ಕಣ್ಣಲ್ಲೂ ನೀರಿತ್ತು. ಪೊಲೀಸಿನವನು ಚಿಕ್ಕಹನುಮಯ್ಯನ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿ ಕಾಗದಕ್ಕೆ ಒತ್ತಿಸಿದ. ಹಾರೆ ಹಿಡಿದು ಗೆರೆ ಸವೆದ ಹೆಬ್ಬೆಟ್ಟು. ಬರಿಯ ಮಸಿಯ ಮುದ್ದೆ ಬಿತ್ತು.

ಹನ್ನೊಂದನೆಯ ದಿನ ಕಳೆದ ಮೇಲೆ ಸೊಸೆ ಪಟಾಲಮ್ಮ ಕಂಕುಳಲ್ಲಿ ಮಗು ಇಟ್ಟುಕೊಂಡು ಶೆಡ್ಡಿಗೆ ಹೋದಳು. ಗಂಡ ಸತ್ತದ್ದಕ್ಕೆ ಪರಿಹಾರ ಅಂತ ಏನೋ ಇರುತ್ತದಂತೆ, ಕೊಡಿ ಎಂದು ಕೇಳಿದಳು. ವೆಂಕಟಗಿರಿ ಸಿಟ್ಟು ಮಾಡಲಿಲ್ಲ. ಅವರು ಸಿಟ್ಟು ಮಾಡುವ ಮನುಷ್ಯರಲ್ಲ. ಮೇಜಿನ ಖಾನೆಯಿಂದ ಆ ಹೇಳಿಕೆಯ ನಕಲು ತೆಗೆದು ಗುಮಾಸ್ತನ ಕೈಯಲ್ಲಿ ಓದಿಸಿದರು.

"ನೋಡಮ್ಮ, ನಾನು ಹೇಳಿದ್ದಲ್ಲ. ನಿಮ್ಮ ಮಾವನ ಬಾಯಲ್ಲೇ ಬಂದಿದೆ. ಯಾರ ತಪ್ಪೂ ಅಲ್ಲ ಅಂತ ಹೆಬ್ಬೆಟ್ಟು ಒತ್ತಿದ್ದಾರೆ. ಇನ್ನು ಪರಿಹಾರ ಅಂದ್ರೆ ಕಾನೂನಲ್ಲಿ ಎಲ್ಲಿಂದ ಬರಬೇಕು? ದೊಡ್ಡ ಮನುಷ್ಯ ಅವನು. ದೇವರನ್ನ ನಂಬಿದೋನು. ನೀವೂ ನಂಬಿ."

ಪಟಾಲಮ್ಮ ಲಗ್ಗೆರೆಗೆ ನಡೆದೇ ಬಂದಳು. ಅಂಗಳದಲ್ಲಿ ಕೂತಿದ್ದ ಮಾವನ ಮುಂದೆ ನಿಂತಳು.

"ನೀವು ಆ ಮಾತು ಅಂದಿದ್ದು ದಿಟವಾ?"

"ಯಾವ ಮಾತವ್ವ?"

"ಯಾರ ತಪ್ಪೂ ಅಲ್ಲ ಅಂತ."

"ಅಂದೆ ಕಣವ್ವ. ಸಾವಲ್ಲಿ ಇನ್ನೇನು ಅಂತಾರೆ?"

"ನನ್ನ ಮುಖ ನೋಡ್ಕಂಡು ಒಂದ್ಸಲ ಅನ್ನಿ ನೋಡಾನ."

ಅವನಿಗೆ ಆಗಲಿಲ್ಲ. ಆ ದಿನದಿಂದ ಪಟಾಲಮ್ಮ ಅವನೊಡನೆ ಮಾತು ಬಿಟ್ಟಳು. ಮುದ್ದೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಕಡೆ ಮಣ್ಣು ಕೆಲಸಕ್ಕೆ ಹೋಗುತ್ತಿದ್ದರು. ಅವನು ಅಗೆದದ್ದನ್ನು ಅವಳು ಬಾಣಲಿಯಲ್ಲಿ ಹೊರುತ್ತಿದ್ದಳು. ಬಾಣಲಿ ಕೊಟ್ಟವನ ಮುಖ ನೋಡುತ್ತಿರಲಿಲ್ಲ.

ಅವನು ಮಾತ್ರ ಒಂದು ದಿನವನ್ನು ಮರೆಯಲಾರದೆ ಇದ್ದ. ಅದು ಮಗ ಸಾಯುವುದಕ್ಕೆ ಇಪ್ಪತ್ತೆರಡು ದಿನ ಮೊದಲಿನ ಆಯುಧಪೂಜೆ.

ರಾಜಾಜಿನಗರದಲ್ಲಿ ಆ ದಿನ ಶೆಡ್ಡು ಶೆಡ್ಡಿಗೂ ಬಾಳೆಕಂದು, ಮಾವಿನ ಸೊಪ್ಪು. ಎಣ್ಣೆ, ಜಿಡ್ಡು ತೊಳೆದ ನೀರು ಬೀದಿಗೆ ಹರಿಯುತ್ತದೆ. ಲಗ್ಗೆರೆ ಹೊಲದಲ್ಲಿ ಹೂವು ಅಗ್ಗ ಎಂದು ವೆಂಕಟಗಿರಿ ಹಾರ ತರಲು ಮುನಿಯಪ್ಪನಿಗೆ ಹೇಳಿದ್ದರು. ಪಟಾಲಮ್ಮ ಹಿಂದಿನ ಸಂಜೆ ಕೂತು ಚೆಂಡುಹೂವಿನ ಹಾರ ಕಟ್ಟಿದ್ದಳು. ತೋಳಿನ ದಪ್ಪ ಇತ್ತು. ಮಗನ ಮಿಷಿನ್ನಿಗೆ ಪೂಜೆ ಮಾಡುವುದನ್ನು ನೋಡಬೇಕೆಂಬ ಆಸೆಗೆ ಚಿಕ್ಕಹನುಮಯ್ಯ ತಾನೇ ಹಾರ ಹೊತ್ತುಕೊಂಡು ಮಗನ ಜೊತೆ ಹೋಗಿದ್ದ.

ಹದಿನಾಲ್ಕು ಜನ ಕೆಲಸ ಮಾಡುವ ಶೆಡ್ಡು. ಪೂಜೆಯ ದಿನ ಹನ್ನೆರಡು ಜನ ಒಳಗೆ ಇರುತ್ತಿದ್ದರು. ಕಾಲೋನಿಯವರು ಇಬ್ಬರು ಅಂಗಳದಲ್ಲಿ. ಯಾರೂ ಹೊರಗೆ ನಿಲ್ಲು ಎಂದು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ವರ್ಷವೆಲ್ಲ ತಗಡು ಒತ್ತುವ ಆ ಪ್ರೆಸ್ಸಿನ ಬಾಯಿಗೆ ತಗಡು ಕೊಡುವ ಕೈ ಆ ಒಂದು ದಿನ ಪ್ರೆಸ್ಸನ್ನು ಮುಟ್ಟುವ ಹಾಗಿರಲಿಲ್ಲ. ಹೊಸಲಿನ ಮೇಲೆ ಹಾರ ಇಡಲು ಹೇಳಿದರು. ಪೂಜಾರಿ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡ.

ಹಾರ ದಪ್ಪವಾಗಿತ್ತು. ಪ್ರೆಸ್ಸಿನ ಮುಂದೆ, ಕೈ ಒಳಗೆ ಹೋಗದಂತೆ, ಒಂದು ಕಬ್ಬಿಣದ ಜಾಲರಿ ಇತ್ತು. ಜಾಲರಿ ಇರುವಾಗ ಹಾರ ಕೂರಲಿಲ್ಲ. ಕುಂಕುಮ ಹಚ್ಚಲೂ ಪೂಜಾರಿಗೆ ಕೈ ನಿಲುಕಲಿಲ್ಲ.

"ಬಿಚ್ಚಪ್ಪ ಅದನ್ನ," ಎಂದರು ವೆಂಕಟಗಿರಿ. ಚನ್ನಕೇಶವ ಸ್ಪ್ಯಾನರು ತಂದು ನಾಲ್ಕು ಬೋಲ್ಟು ಬಿಚ್ಚಿದ. ಜಾಲರಿಯನ್ನು ಗೋಡೆಗೆ ಒರಗಿಸಿಟ್ಟ. ಹಾರ ಚೆನ್ನಾಗಿ ಕೂತಿತು. ಮಂಗಳಾರತಿ ಎತ್ತಿದಾಗ ಅಂಗಳದಲ್ಲಿದ್ದ ಚಿಕ್ಕಹನುಮಯ್ಯ ಮಗನ ಹೆಗಲು ತಟ್ಟಿ, ಕೈ ಮುಗಿಯೋ ಎಂದ. ತಾನೂ ಕಣ್ಣುಮುಚ್ಚಿ ಮುಗಿದ. ನನ್ನ ಮಗನನ್ನು ಕಾಪಾಡವ್ವ ಎಂದು ಆ ಪ್ರೆಸ್ಸಿಗೆ ಬೇಡಿಕೊಂಡ.

ಹಬ್ಬ ಕಳೆದ ಮೇಲೆ ಜಾಲರಿ ಗೋಡೆಯ ಹತ್ತಿರವೇ ಉಳಿಯಿತು. ಅದಿಲ್ಲದಿದ್ದರೆ ತಗಡು ಬೇಗ ಬೇಗ ಕೊಡಬಹುದು, ಮಾಲು ಒಂದೂವರೆಯಷ್ಟು ಬೀಳುತ್ತದೆ ಎಂದು ವೆಂಕಟಗಿರಿಗೆ ಮಾರನೆಯ ದಿನವೇ ಗೊತ್ತಾಯಿತು. ಇದನ್ನು ಮುನಿಯಪ್ಪ ಮನೆಯಲ್ಲಿ ಉಣ್ಣುತ್ತ ಹೇಳಿದ್ದ. "ಜಾಲರಿ ಹಾಕ್ಸಿ ಅಂದೆ ಕಣಪ್ಪ. ಕೈ ಇರೋದು ನೋಡ್ಕಳಕ್ಕಾ, ಕೆಲಸ ಮಾಡಕ್ಕಾ ಅಂದ್ರು."

ಸತ್ತ ಎರಡನೆಯ ದಿನ ಜಾಲರಿ ಮತ್ತೆ ತನ್ನ ಜಾಗದಲ್ಲಿ ಕೂತಿತ್ತು.

ಮುಂದಿನ ವರ್ಷ ಎಮರ್ಜೆನ್ಸಿ ಬಂತು. ಯೂನಿಯನ್ನಿನ ಬಾಗಿಲಿಗೆ ಬೀಗ ಬಿತ್ತು. ನ್ಯಾಯ ಕೇಳುವವರ ಹತ್ತಿರ ಹೋಗೋಣವೆಂದರೆ ಅವರೇ ಜೈಲಿನಲ್ಲಿದ್ದರು. ನನ್ನ ಬಾಯಿ ನನ್ನ ಮಗನ ಹೆಣದ ಮೇಲೆ ಕಲ್ಲು ಹಾಕಿತು ಎಂದು ಚಿಕ್ಕಹನುಮಯ್ಯ ನಂಬಿಬಿಟ್ಟಿದ್ದ. ಶನಿವಾರದ ಭಜನೆಗೆ ಹೋಗುವುದನ್ನು ನಿಲ್ಲಿಸಿದ. ಆದರೂ ದೇವರ ಹೆಸರು ಬಾಯಿಂದ ಹೋಗಲಿಲ್ಲ. ಹಾರೆ ಎತ್ತಿದಾಗ ಅದೇ ಬರುತ್ತಿತ್ತು.

ಎಪ್ಪತ್ತಾರರ ಬೇಸಿಗೆಯಲ್ಲಿ ಬಸವೇಶ್ವರನಗರದ ಒಂದು ಮನೆಯ ಮುಂದೆ ಅಗೆಯುವ ಕೆಲಸ ಬಂತು. ಆ ಮನೆಯ ಮುಂಭಾಗದ ಬಾಡಿಗೆ ಕೋಣೆಗಳಲ್ಲಿ ಗೋಪೀನಾಥ ಎಂಬ ವಕೀಲರು ತಾಯಿ ಸತ್ಯವತಮ್ಮನೊಡನೆ ಇದ್ದರು. ಆ ತಾಯಿ ಮಧ್ಯಾಹ್ನ ಕೆಲಸದವರಿಗೆ ನೀರು ಕೊಡುತ್ತಿದ್ದರು. ಬೊಗಸೆಗೆ ಮೇಲಿಂದ ಹುಯ್ಯುತ್ತಿದ್ದರು. ಒಂದು ದಿನ ಅವರು ಹುಯ್ಯುತ್ತಲೇ ಕೇಳಿದರು.

"ಈ ವಯಸ್ಸಲ್ಲಿ ನೀನ್ಯಾಕಪ್ಪ ಅಗೀತೀಯ? ಮಕ್ಕಳಿಲ್ಲವಾ?"

ಅವನು ಹೇಳಿದ. ನೀರು ಬೊಗಸೆಯಿಂದ ಸೋರಿಹೋಯಿತು. ಆ ತಾಯಿ ಒಳಗೆ ಹೋಗಿ ಮಗನನ್ನು ಕರೆತಂದರು.

ಗೋಪೀನಾಥ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿದರು. ಪಟಾಲಮ್ಮ ಬಾಣಲಿ ಇಳಿಸಿ ದೂರದಲ್ಲಿ ನಿಂತಿದ್ದಳು.

"ಹೇಳಿಕೆ ಕೊಟ್ಟೆ ಅಂತ ಸುಮ್ನಿದ್ರಾ? ಒಂದೂವರೆ ವರ್ಷ?"

"ನಾನೇ ಯಾರ ತಪ್ಪೂ ಅಲ್ಲ ಅಂದ್ಬುಟ್ಟಿದ್ದೆ ಸ್ವಾಮಿ."

"ಅಯ್ಯೋ ಯಜಮಾನ್ರೇ. ಕಾರ್ಮಿಕರ ಪರಿಹಾರದ ಕಾಯ್ದೇಲಿ ತಪ್ಪು ಯಾರದು ಅಂತ ಕೇಳೋದೇ ಇಲ್ಲ. ಕೆಲಸ ಮಾಡ್ತಾ ಮಾಡ್ತಾ ಸತ್ತ. ಅಷ್ಟು ಸಾಕು. ಮಾಲೀಕ ಕೊಡಲೇಬೇಕು. ನೀವು ಏನೇ ಅಂದಿದ್ರೂ ಕೊಡಬೇಕು."

ಚಿಕ್ಕಹನುಮಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ.

"ಅಂದ್ರೆ ಆ ಕಾಗದ?"

"ನಿಮ್ಮನ್ನ ಹೆದರಿಸೋಕೆ ಇಟ್ಕೊಂಡಿದ್ದ ಬೆದರುಗೊಂಬೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಇನ್ನೂ ಆರು ತಿಂಗಳಿದೆ. ಫೀಸು ಗೀಸು ಆಮೇಲೆ ನೋಡೋಣ."

ಪಟಾಲಮ್ಮ ಬಾಣಲಿ ಎತ್ತಿಕೊಂಡಳು. ಅವತ್ತು ಸಂಜೆ ಮುದ್ದೆ ಇಡುವಾಗ ಅವಳು ಮಾತಾಡುತ್ತಾಳೆಂದು ಮುದುಕ ಕಾದ. ಅವಳು ಮಾತಾಡಲಿಲ್ಲ. ಕಾನೂನು ಆ ಮಾತನ್ನು ಲೆಕ್ಕಕ್ಕೆ ಹಿಡಿಯದಿರಬಹುದು. ಅವಳು ಹಿಡಿದಿದ್ದಳು.

ಅರ್ಜಿ ಹೋಯಿತು. ಮಾವ, ಸೊಸೆ, ಮಗು, ಮೂವರ ಹೆಸರಲ್ಲಿ. ಮುನಿಯಪ್ಪ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ವೆಂಕಟಗಿರಿಯವರ ಉತ್ತರ ಬಂತು. ಗೋಪೀನಾಥ ಆಸ್ಪತ್ರೆಯ ಕಾಗದ ತೆಗೆಸಿದರು. ಅಲ್ಲಿ ಶೆಡ್ಡಿನ ಹೆಸರೇ ಬರೆದಿತ್ತು. ಆಗ ಎದುರಿನ ವಕೀಲರು ರಾಜಿಗೆ ಬಂದರು. ಪೂರ್ತಿ ಪರಿಹಾರ ಕಟ್ಟುತ್ತೇವೆ, ಒಂದೇ ಕಂತಿನಲ್ಲಿ. ಒಂದು ಕಾಗದಕ್ಕೆ ಮಾತ್ರ ಒಪ್ಪಬೇಕು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಲೇಬರ್ ಆಫೀಸಿಗೆ ಕರೆ ಬಂತು. ಎತ್ತರದ ಕಿಟಕಿಗಳ ಹಳೆಯ ಕೋಣೆ. ಸಾಹೇಬರು ಮೇಜಿನ ಹಿಂದೆ. ವೆಂಕಟಗಿರಿ ಕುರ್ಚಿಯ ಮೇಲೆ, ಹಣೆಗೆ ಅದೇ ಕುಂಕುಮ. ಚಿಕ್ಕಹನುಮಯ್ಯ ನಿಂತೇ ಇದ್ದ. ಪಟಾಲಮ್ಮ ಗೋಡೆಯ ಪಕ್ಕ. ಗುಮಾಸ್ತ ಶಾಯಿಯ ಡಬ್ಬಿ ತೆರೆದು ಮೊದಲು ಅವಳ ಹೆಬ್ಬೆಟ್ಟಿಗೆ ಹಚ್ಚಿದ.

ಗೋಪೀನಾಥ ಮೆಲ್ಲಗೆ ಹೇಳಿದರು. "ಒಂದೇ ಸಾಲು ಯಜಮಾನ್ರೇ. ನಮ್ಮ ಅರ್ಜಿ ನೋಡಿ ಜಾಲರಿ ವಿಷಯಕ್ಕೆ ಫ್ಯಾಕ್ಟರಿ ಇನ್ಸ್‌ಪೆಕ್ಟರು ಇವರ ಮೇಲೆ ಬೇರೆ ಕೇಸು ಹಾಕಿದ್ದಾರೆ. ಅದರಿಂದ ತಪ್ಪಿಸಿಕೊಳ್ಳೋಕೆ ಇವರಿಗೆ ಆ ಸಾಲು ಬೇಕು. ನಿಮ್ಮ ದುಡ್ಡಿಗೆ ಅದರಿಂದ ಏನೂ ಆಗಲ್ಲ. ಕೈಗೆ ಬರೋ ದುಡ್ಡನ್ನ ಬೇಡ ಅನ್ನಬೇಡಿ."

"ಆ ಸಾಲು ಒಸಿ ಓದ್ಸಿ ಸ್ವಾಮಿ."

ಗುಮಾಸ್ತ ಓದಿದ. "ಮೃತನು ಯಂತ್ರದ ರಕ್ಷಣಾ ಜಾಲರಿಯನ್ನು ತಾನೇ ಬಿಚ್ಚಿ, ತನ್ನ ಅಜಾಗರೂಕತೆಯಿಂದ ಮರಣ ಹೊಂದಿದ್ದು, ಇದರಲ್ಲಿ ಬೇರೆ ಯಾರ ತಪ್ಪೂ ಇರುವುದಿಲ್ಲ."

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಚಿಕ್ಕಹನುಮಯ್ಯನಿಗೆ ಆಸ್ಪತ್ರೆಯ ವೆರಾಂಡ ಕಂಡಿತು. ಮಗನ ಪಾದ ಕೈಗೆ ತಾಗಿತು.

"ಇನ್ನೊಂದ್ಸಲ ಓದಿ."

"ಎಷ್ಟು ಸಲ ಓದಬೇಕಯ್ಯ?" ಎಂದ ಗುಮಾಸ್ತ.

"ಬ್ಯಾಡ ಬುಡಿ. ಕೇಳಿಸ್ತು." ಅವನು ಮೇಜಿನ ಕಡೆ ಒಂದು ಹೆಜ್ಜೆ ಇಟ್ಟ. "ಆ ಕೊನೆ ಮಾತು ನಂದು ಸ್ವಾಮಿ. ನನ್ನ ದೇವರಿಗೆ ಹೇಳಿದ್ದು. ಇವರಿಗೆ ಹೇಳಿದ್ದಲ್ಲ. ದೇವರಿಗೆ ಹೇಳಿದ್ದನ್ನ ಇವರು ಎತ್ತಿ ಜೇಬಿಗೆ ಹಾಕ್ಕಂಡ್ರು. ಎರಡು ವರ್ಷ ಅದರಲ್ಲೇ ನಮ್ಮನ್ನ ಹೊಡೆದ್ರು."

"ಯಜಮಾನ್ರೇ," ಎಂದರು ವೆಂಕಟಗಿರಿ, ದನಿ ಏರಿಸದೆ. "ದುಃಖದಲ್ಲಿ ಏನೇನೋ ಆಡಬೇಡಿ. ನಿಮ್ಮ ಹುಡುಗ ಆತುರದೋನು. ಬೇಗ ಮಾಲು ತೆಗೆಯೋಣ ಅಂತ ಜಾಲರಿ ಬಿಚ್ಚಿದ. ನಾನು ಎಷ್ಟೋ ಸಲ ಬೈದಿದ್ದೆ."

"ಜಾಲರಿ ಬಿಚ್ಚಿದ್ದು ಆಯುಧಪೂಜೆ ದಿನ."

"ಯಾರು ಹೇಳಿದ್ದು?"

"ಹಾರ ತಂದೋನು ನಾನು. ಅಂಗಳದಲ್ಲಿ ನಿಂತು ನೋಡ್ದೋನು ನಾನು. ನಿಮ್ಮ ಬಾಯಲ್ಲೇ ಬಿಚ್ಚು ಅಂದ್ರಿ. ಹಾರ ಕೂರಲಿ ಅಂತ ಬಿಚ್ಚಿಸಿದ್ರಿ. ಅವತ್ತು ನನ್ನ ಮಗ ಹೊಸಲು ದಾಟಿಲ್ಲ. ದಾಟಕ್ಕೆ ನೀವು ಬುಟ್ಟಿಲ್ಲ. ಮುಟ್ಟಕ್ಕೇ ಬುಡದ ಮಿಷಿನ್ನಿನ ಜಾಲರಿ ಅವನು ಹೆಂಗೆ ಬಿಚ್ತಾನೆ? ಹೇಳಿ ಸ್ವಾಮಿ. ದೇವರ ಮುಂದೆ ಕುಂಕುಮ ಇಟ್ಕಂಡೋರು ನೀವು, ಹೇಳಿ."

ವೆಂಕಟಗಿರಿ ಸಾಹೇಬರ ಕಡೆ ನೋಡಿದರು. ಸಾಹೇಬರು ಕಾಗದದ ಕಡೆ ನೋಡಿದರು.

"ಇದೆಲ್ಲ ಇಲ್ಲಿ ಬೇಡ," ಎಂದರು ಸಾಹೇಬರು. "ಒಪ್ಪಿಗೆ ಇದೆಯೋ ಇಲ್ಲವೋ?"

"ನಾನು ಒತ್ತಲ್ಲ."

ಹೇಳಿದ ಮೇಲೆ ಅವನಿಗೆ ಭಯವಾಯಿತು. ದುಡ್ಡು ತನ್ನೊಬ್ಬನದಲ್ಲ. ಹೊರುವವಳು ಅವಳು. ಸಣ್ಣ ಮಗು ಅವಳದು. ಮೊದಲ ಸಲ ಬಾಯಿ ಬಿಟ್ಟು ಹಾಳು ಮಾಡಿದ್ದ. ಈಗ ಎರಡನೆಯ ಸಲ. ತಿರುಗಿ ಸೊಸೆಯ ಮುಖ ನೋಡಲು ಅವನ ಕುತ್ತಿಗೆ ಒಪ್ಪಲಿಲ್ಲ.

"ಪಟಾಲಮ್ಮ," ಎಂದರು ಗೋಪೀನಾಥ. "ನೀನು ಯೋಚನೆ ಮಾಡಮ್ಮ. ರಾಜಿ ಮುರಿದ್ರೆ ಕೇಸು ಎಷ್ಟು ದಿನ ಎಳೆಯತ್ತೋ ನಾನು ಹೇಳಲಾರೆ. ಸಾಕ್ಷಿ ಬೇಕಾಗತ್ತೆ. ಮಗು ಇದೆ."

ಪಟಾಲಮ್ಮ ಮಸಿ ಹತ್ತಿದ ಹೆಬ್ಬೆಟ್ಟನ್ನು ಒಂದು ಗಳಿಗೆ ನೋಡಿದಳು. ಸೆರಗಿಗೆ ಒರೆಸಿಕೊಂಡಳು. ಒಂದು ಸಲಕ್ಕೆ ಹೋಗಲಿಲ್ಲ. ಮತ್ತೆ ಒರೆಸಿದಳು.

"ಮಗು ನಾಳೆ ಓದಕ್ಕೆ ಕಲೀತದೆ ಸಾರ್. ಈ ಕಾಗದಾನೂ ಓದ್ತದೆ. ಅವರಪ್ಪ ತನ್ನ ಕೈನ ತಾನೇ ಕಳ್ಕಂಡ ಅಂತ ಓದ್ಬೇಕಾ?" ಆಮೇಲೆ ಅವಳು ಎರಡು ವರ್ಷದಲ್ಲಿ ಮೊದಲ ಸಲ ಮಾವನೊಡನೆ ಮಾತಾಡಿದಳು. "ನಡೀರಿ ಮಾವ. ಹೊತ್ತಾಯ್ತು."

ಹೊರಗೆ ಗೋಪೀನಾಥ ಅವರ ಜೊತೆಯೇ ನಡೆದರು. ಬಸ್ಸಿನ ಹತ್ತಿರ ಬಂದಾಗ ನಿಂತರು.

"ಚನ್ನಕೇಶವನ್ನ ಸಾಕ್ಷಿಗೆ ಕರೆಸಬೇಕು. ಬರ್ತಾನಾ?"

"ಗೊತ್ತಿಲ್ಲ ಸ್ವಾಮಿ. ಅವನಿಗೂ ಹೊಟ್ಟೆ ಐತೆ."

"ಬರದೇ ಇದ್ರೆ ಕಷ್ಟ."

"ಕಷ್ಟಾನೇ."

ಹಬ್ಬ ಕಳೆದ ಮೇಲೆ ಮನೆಗೆ ಬನ್ನಿ, ಒಳಗೆ ಕೂತು ಮಾತಾಡೋಣ ಎಂದು ಹೇಳಿ ಗೋಪೀನಾಥ ಹೋದರು.

ಚನ್ನಕೇಶವನ ಮನೆಗೆ ಮಾರನೆಯ ದಿನ ಇಬ್ಬರೂ ಹೋದರು. ಅವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ತನ್ನ ಬಲಗೈಯನ್ನು ಎಡಗೈಯಿಂದ ಉಜ್ಜಿಕೊಳ್ಳುತ್ತಿದ್ದ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕಾಫಿ ಕುಡಿದು ಹೋಗಿ ಎಂದ. ಯಾವತ್ತೂ ಅನ್ನದವನು ಅಂದ. ಲೋಟ ಯಾವುದು ಕೊಡುವುದೆಂದು ಒಳಗೆ ಅವನ ಹೆಂಡತಿ ತಡಕಾಡುವ ಸದ್ದು ಕೇಳಿಸಿತು. ಚಿಕ್ಕಹನುಮಯ್ಯ ಬೇಡವೆಂದು ಕೈ ಮುಗಿದು ಬಂದ.

ಅಮಾವಾಸ್ಯೆಯ ದಿನ ಕೇರಿಯ ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುತ್ತಾರೆ. ಮಗ ಅಪ್ಪನಿಗೆ ಇಡುವುದು ಕ್ರಮ. ಇಲ್ಲಿ ಅಪ್ಪ ಮಗನಿಗೆ ಇಡಬೇಕು. ಕಳೆದ ವರ್ಷ ಅವನು ಇಟ್ಟಿರಲಿಲ್ಲ. ಯಾವ ಮುಖ ಹೊತ್ತು ಇಡಲಿ ಎಂದು ಗುಂಡಿ ಅಗೆಯಲು ಹೋಗಿದ್ದ. ಈ ಸಲ ಪಟಾಲಮ್ಮ ಬೆಳಿಗ್ಗೆಯೇ ಒಲೆ ಹಚ್ಚಿದಳು. ಮುದ್ದೆ, ಹುರುಳಿಕಾಳಿನ ಸಾರು, ಒಂದು ಉಂಡೆ ಬೆಲ್ಲ. ದೀಪದ ಗೂಡಿನ ಮುಂದೆ ಎಲೆ ಹಾಸಿದಳು. ಮುನಿಯಪ್ಪನ ಖಾಕಿ ಅಂಗಿಯನ್ನು ಮಡಿಸಿ ಪಕ್ಕದಲ್ಲಿಟ್ಟಳು. ತೋಳು ಎರಡೂ ಉದ್ದಕ್ಕೆ ಚಾಚುವಂತೆ ಮಡಿಸಿದಳು.

ಹೂವು ಇಡಲಿಲ್ಲ. ಹೊಲದಲ್ಲಿ ಚೆಂಡುಹೂವು ಹಳದಿಗೆ ತಿರುಗಿತ್ತು. ಇನ್ನು ಹತ್ತು ದಿನಕ್ಕೆ ಆಯುಧಪೂಜೆ.

"ಇಡಿ ಮಾವ," ಎಂದಳು.

ಚಿಕ್ಕಹನುಮಯ್ಯ ಮಿಂದು ಒದ್ದೆ ಪಂಚೆಯಲ್ಲೇ ಇದ್ದ. ಎಲೆಗೆ ಬಡಿಸಿ, ನೀರು ಬಿಟ್ಟು, ನೆಲಕ್ಕೆ ಹಣೆ ಹಚ್ಚಿದ. ರೂಢಿಯ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದ. ಕಣ್ಣುಮುಚ್ಚಿಕೊಂಡೇ, ಪಕ್ಕದಲ್ಲಿ ಸೊಸೆಗೆ ಕೇಳಿಸುವ ಹಾಗೆ, ಬೇಡಿಕೊಂಡ.

"ಮುನೇಶ್ವರಾ, ನಿನ್ನ ಹೆಸರಿಟ್ಟು ನಾನು ಸಾಕಿದ ಮಗ ನಿನ್ನ ಹತ್ರ ಬಂದವ್ನೆ. ಯಾರ ತಪ್ಪೂ ಅಲ್ಲ ಅಂತ ನಾನು ಇನ್ನು ಹೇಳಲ್ಲ. ಹೇಳಿದ್ದನ್ನ ಹಿಂದಕ್ಕೆ ತಗೊಂಡಿದ್ದೀನಿ, ನೀನೂ ಬುಟ್ಟುಬುಡು. ನನಗೆ ನೆಮ್ಮದಿ ಕೇಳಲ್ಲ. ಅವನಿಗೆ ಮಾತ್ರ ಕೇಳ್ತೀನಿ. ಅವನ ಎರಡು ಕೈಯೂ ಅವನಿಗೆ ಕೊಡಪ್ಪ. ಮುದ್ದೆ ಮುರಿಯಕ್ಕೆ ಕೈ ಬೇಕು. ಅಲ್ಲಿ ಅವನನ್ನ ಅಂಗಳದಲ್ಲಿ ನಿಲ್ಲಿಸಬೇಡ. ಒಳಕ್ಕೆ ಕರ್ಕೊ. ಹತ್ರ ಕೂರಿಸ್ಕೊ. ಬಹಳ ದಣಿದವ್ನೆ. ಅವನ ಜೀವ ತಣ್ಣಗಿರಲಿ."